ನಮ್ಮ ದೋಣಿಗೆ ಅಣಬೆ ಎದ್ದದ್ದು

ನೀರಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆ. ನಂಬಿಕೆಗೆ ಆಧಾರವೂ ಇದೆ. ನಾನು ಕಾಲುವೆಯ ಉಸ್ತುವಾರಿ ನೋಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಯಾವ ತೂಬನ್ನು ಎಷ್ಟು ಎತ್ತಿದರೆ ಯಾರ ಹೊಲಕ್ಕೆ ನೀರು ಹೋಗುತ್ತದೆ, ಹೋಗದಿದ್ದರೆ ಯಾರು ನಮ್ಮ ಮನೆಗೆ ಬರುತ್ತಾರೆ ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಅಂಥ ನಾನು ನಿವೃತ್ತನಾದ ಮೇಲೆ ಒಂದು ದೋಣಿ ಕೊಂಡೆನೆಂದರೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಆಶ್ಚರ್ಯಪಟ್ಟವಳು ನನ್ನ ಹೆಂಡತಿ ಕಸ್ತೂರಿ ಒಬ್ಬಳೇ. ಆಕೆ ಆಶ್ಚರ್ಯಪಡುವಾಗ ಎರಡೂ ಕೈಗಳನ್ನು ಸೊಂಟದ ಮೇಲೆ ಇಟ್ಟುಕೊಳ್ಳುತ್ತಾಳೆ.

ದೋಣಿ ಕೊಂಡದ್ದು ನನ್ನ ಅವ್ವನಿಗಾಗಿ. ನಮ್ಮ ಊರು ನವಿಲುತೀರ್ಥ ಡ್ಯಾಮಿನ ಹಿನ್ನೀರಿನ ಈಚೆ ದಂಡೆಯ ಮೇಲಿದೆ. ನಮ್ಮ ಹೊಲ ಆಚೆ ದಂಡೆಯ ಮೇಲಿದೆ. ಮಾಳಿಗೆ ಹತ್ತಿ ನಿಂತರೆ ನಮ್ಮ ಹೊಲದ ಬನ್ನಿಗಿಡ ಕಾಣುತ್ತದೆ, ಅದರ ಕೆಳಗೆ ಬೇರೆಯವರ ಎಮ್ಮೆ ಮೇಯುತ್ತಿದ್ದರೆ ಅದೂ ಕಾಣುತ್ತದೆ. ಆದರೆ ಅಲ್ಲಿಗೆ ಹೋಗಬೇಕೆಂದರೆ ಮುನವಳ್ಳಿಯ ದಾರಿ ಹಿಡಿದು, ನೀರಿಗೆ ಒಂದು ಪ್ರದಕ್ಷಿಣೆ ಹಾಕಿ, ಕೊನೆಗೆ ಎರೆಮಣ್ಣಿನ ಗಾಡಿದಾರಿಯಲ್ಲಿ ಟ್ರ್ಯಾಕ್ಟರಿನ ಟ್ರೇಲರಿನೊಳಗೆ ಕುಳಿತು ಎಲುಬು ಎಣಿಸಿಕೊಳ್ಳುತ್ತ ಹೋಗಬೇಕು. ಅವ್ವನ ಮೊಣಕಾಲು, ಸೊಂಟ ಎರಡೂ ಇದಕ್ಕೆ ಒಪ್ಪದೆ ಕೆಲವು ವರ್ಷಗಳಾಗಿದ್ದವು.

ವರ್ಷದ ಉಳಿದ ದಿನ ಅವ್ವ ಇದಕ್ಕೆ ಕೊರಗುತ್ತಿರಲಿಲ್ಲ. ಕೊರಗುವುದು ಶೀಗಿ ಹುಣ್ಣಿಮೆಗೆ. ಅಂದು ನಮ್ಮ ಕಡೆ ಭೂಮಿತಾಯಿಯ ಬಯಕೆ ತೀರಿಸುವ ದಿನ. ತೆನೆ ಹೊತ್ತು ನಿಂತ ಹೊಲವೆಂದರೆ ಬಸುರಿ ಹೆಣ್ಣು. ಆಕೆಗೆ ಉಡಿ ತುಂಬಿ, ಕಡಬು, ಹೋಳಿಗೆ, ಸಜ್ಜಿರೊಟ್ಟಿ, ಪುಂಡಿಪಲ್ಲೆ ಎಲ್ಲವನ್ನೂ ಕಲೆಸಿ ಹೊಲದ ನಾಲ್ಕೂ ಮೂಲೆಗೆ ಚರಗ ಚೆಲ್ಲಬೇಕು. ನಾವೆಲ್ಲ ಹೊಲಕ್ಕೆ ಹೋದರೆ ಅವ್ವ ಮಾಳಿಗೆಯ ಮೇಲೆ ಖುರ್ಚಿ ಹಾಕಿಸಿಕೊಂಡು ನೀರಿನಾಚೆ ನೋಡುತ್ತ ಕೂಡುತ್ತಿದ್ದಳು. ಹೋದ ವರ್ಷ ನಾವು ತಿರುಗಿ ಬಂದಾಗ, "ನೀವು ಚೆಲ್ಲೂದು ಕಾಣತಿತ್ತು. ಯಾವ ಮೂಲಿ ಬಿಟ್ರಿ ಅನ್ನೂದೂ ಕಂಡ್ತು" ಎಂದಳು. ಬಿಟ್ಟದ್ದು ನಿಜ. ಆ ಮೂಲೆಯಲ್ಲಿ ಕೆಸರಿತ್ತು.

ನಾನು ಅಂದೇ ನಿಶ್ಚಯಿಸಿದೆ. ಬೇಸಿಗೆಯಲ್ಲಿ, ಹಿಂದೆ ಮೀನು ಹಿಡಿಯುತ್ತಿದ್ದ ಒಬ್ಬರಿಂದ ಒಂದು ಫೈಬರ್ ದೋಣಿ ತಂದು ಅಂಗಳದಲ್ಲಿ ಇಳಿಸಿ, ಓಣಿಯ ಜನರೆದುರು ಘೋಷಿಸಿದೆ: ಈ ವರ್ಷ ಅವ್ವ ನೀರಿನ ಮೇಲಿಂದ ಹೊಲಕ್ಕೆ ಹೋಗತಕ್ಕದ್ದು, ಸ್ವಂತ ಕೈಯಿಂದ ಚರಗ ಚೆಲ್ಲತಕ್ಕದ್ದು. ಅವ್ವ ದೋಣಿಯನ್ನು ಬಹಳ ಹೊತ್ತು ನೋಡಿ, "ಶಿವನಽ" ಎಂದಳು. ಅದನ್ನು ನಾನು ಆಶೀರ್ವಾದವೆಂದು ದಾಖಲಿಸಿಕೊಂಡೆ.

ಸದರಿ ದೋಣಿಯ ತಳ ನುಣ್ಣಗಿತ್ತು. ಅವ್ವ ಕಾಲಿಟ್ಟರೆ ಜಾರುವುದು ಖಂಡಿತ. ಆದ್ದರಿಂದ ತಳಕ್ಕೆ ಪ್ಲೈವುಡ್ ಹಾಕಿ, ಅದರ ಮೇಲೆ ಕಾರ್ಪೆಟ್ ಅಂಟಿಸಲು ತೀರ್ಮಾನಿಸಿದೆ. ಸವದತ್ತಿಯಲ್ಲಿ ಪೆಂಡಾಲ್ ಹಾಕುವವನೊಬ್ಬ ಮದುಮಕ್ಕಳು ನಡೆದು ನಡೆದು ಸವೆದಿದ್ದ ದಪ್ಪ ಕೆಂಪು ಕಾರ್ಪೆಟ್ಟಿನ ತುಂಡು ಕೊಟ್ಟ. ಅಡಿಯಲ್ಲಿ ಸೆಣಬಿನ ಬಟ್ಟೆಯಿದ್ದ ಹಳೆಯ ಕಾಲದ ಗಟ್ಟಿ ಮಾಲು. ಬಡಿಗೇರನನ್ನು ಕರೆಯಿರಿ ಎಂದಳು ಕಸ್ತೂರಿ. ಕಾಲುವೆ ಕಟ್ಟಿಸಿದವನಿಗೆ ಕಾರ್ಪೆಟ್ ಅಂಟಿಸಲು ಬಡಿಗೇರ ಬೇಕೇ? ನಾನೇ ಅಂಟಿಸಿದೆ. ಅಂಟಿಸಿ, ಧೂಳಾಯಿತೆಂದು ಚೆನ್ನಾಗಿ ನೀರು ಹೊಡೆದು ತೊಳೆದೆ. ತೊಳೆದು, ಮಳೆಗಾಲ ಬಂತೆಂದು ಅದನ್ನು ಕೊಟ್ಟಿಗೆಯ ಪಕ್ಕದ ಚಪ್ಪರದಡಿ ಇಟ್ಟು, ಒಂದು ಹನಿ ನೀರೂ ಒಳಗೆ ಹೋಗದಂತೆ ತಾಡಪತ್ರಿ ಬಿಗಿದೆ. ಒಳಗಿದ್ದ ನೀರು ಹೊರಗೆ ಬರುವ ಬಗ್ಗೆ ಆ ಕ್ಷಣ ಯಾವ ವಿಚಾರವೂ ಬರಲಿಲ್ಲ.

ಹುಣ್ಣಿಮೆ ಹತ್ತಿರ ಬಂದಾಗ ತಾಡಪತ್ರಿ ಬಿಚ್ಚಿದೆ. ಮೊದಲು ವಾಸನೆ ಬಂತು. ನಂತರ ಅಣಬೆ ಕಂಡವು.

ಕೂಡಲು ಅಡ್ಡ ಹಾಕಿದ್ದ ಹಿಂದಿನ ಪಾಟಿಯ ಕೆಳಗೆ ಅವು ಸಭೆ ಸೇರಿದ್ದವು. ಕೆಲವು ಛತ್ರಿ ಬಿಚ್ಚಿದ್ದವು, ಕೆಲವು ಮಡಚಿಕೊಂಡಿದ್ದವು, ನಡುವೆ ಅಧ್ಯಕ್ಷಸ್ಥಾನದಲ್ಲಿ ಒಂದು ತಟ್ಟೆಯಗಲದ್ದು ಕುಳಿತಿತ್ತು. ನನ್ನನ್ನು ಕಂಡು ಯಾವುದೂ ಗಾಬರಿಯಾದಂತೆ ತೋರಲಿಲ್ಲ. ಕಸ್ತೂರಿ ಬಂದು ನನ್ನ ಹೆಗಲ ಮೇಲಿಂದ ಇಣುಕಿದಳು.

"ಏನ್ರೀ ಇವು?"

"ಅಣಬಿ."

"ಅದು ನನಗೂ ಕಾಣತೈತಿ. ದೋಣಿಯೊಳಗ ಯಾಕ ಅದಾವು ಅಂತ ಕೇಳೇನಿ."

ಈ ಪ್ರಶ್ನೆಗೆ ತಾಂತ್ರಿಕ ಉತ್ತರ ಕೊಡುವ ಬದಲು ನಾನು ಕಾರ್ಯೋನ್ಮುಖನಾದೆ. ಒಂದೊಂದಾಗಿ ಎಲ್ಲವನ್ನೂ ಕಿತ್ತು ತಿಪ್ಪೆಗೆ ಒಗೆದೆ. ಊಟಕ್ಕೆ ಕುಳಿತಾಗ, ಪ್ರಕರಣ ಮುಕ್ತಾಯವಾಯಿತೆಂದು ತಿಳಿಸಿದೆ. ಮರುದಿನ ಮುಂಜಾನೆ ಹೋಗಿ ನೋಡಿದರೆ ಪ್ರಕರಣ ಮತ್ತೆ ಎದ್ದು ಕುಳಿತಿತ್ತು, ಈ ಸಲ ಬೀಗರನ್ನೂ ಬಿಜ್ಜರನ್ನೂ ಕರೆದುಕೊಂಡು.

ಹಸಿ ಇದ್ದರೆ ತಾನೇ ಅಣಬೆ? ಹಸಿ ಆರಿಸಿದರೆ ಮುಗಿಯಿತು. ದೋಣಿಯನ್ನು ಅಂಗಳದ ಬಿಸಿಲಿಗೆ ಎಳೆಸಿ, ಇನ್ನು ಸೂರ್ಯ ನೋಡಿಕೊಳ್ಳಲಿ ಎಂದು ಮುನವಳ್ಳಿಗೆ ಹೋದೆ. ಹಿಂಗಾರಿಯಲ್ಲಿ ಚಿತ್ತಿ ಮಳೆ ಎಂಬುದೊಂದು ಇದೆ. ಅದು ಎಲ್ಲಿ, ಯಾವಾಗ, ಯಾರ ಮೇಲೆ ಬೀಳಬೇಕೆಂಬುದನ್ನು ಅದೇ ನಿರ್ಧರಿಸುತ್ತದೆ. ನಾನು ಮಿರ್ಚಿ ತಿನ್ನುತ್ತಿದ್ದಾಗ ಮುನವಳ್ಳಿಯಲ್ಲಿ ಬಿಸಿಲಿತ್ತು. ಊರಿಗೆ ಬಂದರೆ ನಮ್ಮ ಓಣಿಯೊಂದೇ ತೊಯ್ದಿತ್ತು. ದೋಣಿ ಒಳ್ಳೆಯ ಮಾಲು ಎಂಬುದು ಅಂದು ಸಾಬೀತಾಯಿತು: ನೀರನ್ನು ಹೊರಗಿಡಬಲ್ಲದ್ದು ಒಳಗೂ ಇಟ್ಟುಕೊಳ್ಳಬಲ್ಲದು. ನಮ್ಮ ಎಮ್ಮೆ ಅದರೊಳಗೆ ಮೂತಿ ಇಟ್ಟು ನೆಮ್ಮದಿಯಿಂದ ಕುಡಿಯುತ್ತಿತ್ತು. ಕುಡಿಯುವ ಭರದಲ್ಲೂ ಅಣಬೆಗಳಿಗೆ ಮಾತ್ರ ಮೂತಿ ತಾಗಿಸಿರಲಿಲ್ಲ. ಎಮ್ಮೆಗೂ ಒಂದು ಅಭಿರುಚಿ ಇರುತ್ತದೆ.

ಈ ಹಂತದಲ್ಲಿ ಪಕ್ಕದ ಮನೆಯ ದ್ಯಾಮಣ್ಣ ಪ್ರವೇಶಿಸಿದ. ದ್ಯಾಮಣ್ಣನ ಹತ್ತಿರ ಎಲ್ಲ ರೋಗಕ್ಕೂ ಔಷಧವಿದೆ. ಇಲ್ಲದ್ದು ಗುಣವಾದ ರೋಗಿ ಮಾತ್ರ. ಅವನು ಕಾರ್ಪೆಟ್ಟನ್ನು ಬೆರಳಿನಿಂದ ಒತ್ತಿ, ಬೆರಳನ್ನು ಮೂಸಿ, ಬೇರು ಕೆಳಗೆ ಇಳಿದಿದೆ, ಕುದಿಯುವ ನೀರು ಸುರಿಯಬೇಕು ಎಂದ. ನಾನು ಬಚ್ಚಲ ಹಂಡೆಯ ನೀರನ್ನು ಪೂರ್ತಿ ಕುದಿಸಿ ದೋಣಿಗೆ ಸುರಿದೆ. ಅಂದು ಮನೆಯಲ್ಲಿ ಸ್ನಾನವಾದದ್ದು ಅಣಬೆಗಳಿಗೆ ಮಾತ್ರ. ಬಿಸಿನೀರು ಬಸಿದ ಮೇಲೆ ಸುಣ್ಣ ಚಿಮುಕಿಸಲು ಹೇಳಿದ, ಚಿಮುಕಿಸಿದೆ. ಆಗ ಹೊರಟ ವಾಸನೆ ಅಡಿಗೆಮನೆಯವರೆಗೂ ಹೋಯಿತು. ಕಸ್ತೂರಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ದೋಣಿಗೆ ಇಷ್ಟೆಲ್ಲ ಎರೆದ ಮೇಲೆ ಕಡಲೆಹಿಟ್ಟು ಒಂದು ಯಾಕೆ ಬಿಟ್ಟಿರಿ, ಅದನ್ನೂ ಹಚ್ಚಿರಿ ಎಂದಳು. ಆಕೆ ಕುಚೋದ್ಯಕ್ಕೆ ಹೇಳಿದ್ದಳೆಂಬುದು ಆಮೇಲೆ ತಿಳಿಯಿತು. ಹಿಟ್ಟು ಎಣ್ಣೆ ಹೀರುವುದಾದರೆ ವಾಸನೆಯನ್ನೂ ಹೀರಬೇಕೆಂಬ ತರ್ಕದಿಂದ ನಾನು ಒಂದು ಡಬ್ಬಿ ಪೂರ್ತಿ ಹಚ್ಚಿ ತಿಕ್ಕಿದೆ.

"ಈಗ ಹೊಟ್ಟು ಹಾಕ್ರಿ ಸಾಹೇಬ್ರ" ಎಂದ ದ್ಯಾಮಣ್ಣ. "ಗೋದಿ ಹೊಟ್ಟು. ಉಳಿದ ಹಸೀನ ಅದು ಜಗ್ಗತೈತಿ. ಮ್ಯಾಲೆ ತಾಡಪತ್ರಿ ಬಿಗದು ಬಿಡ್ರಿ, ಒಳಗ ಕಾವು ಏಳ್ಬೇಕು. ಕತ್ತಲಾಗಬೇಕು. ಅಣಬಿ ಅಲ್ಲ, ಅದರಪ್ಪನೂ ಉಳಿಯೂದಿಲ್ಲ."

ನಾನು ದೋಣಿಯನ್ನು ಮತ್ತೆ ಹಿತ್ತಲಿನ ಚಪ್ಪರದಡಿ ಎಳೆಸಿ, ಮೊಣಕಾಲುದ್ದ ಹೊಟ್ಟು ತುಂಬಿ, ಬಿಗಿದೆ. ಕಾವು ಎದ್ದಿತು. ಕತ್ತಲೂ ಆಯಿತು. ಮೂರು ದಿನ ಯಾರೂ ಬಿಚ್ಚಕೂಡದೆಂದು ಆಜ್ಞೆ ಹೊರಡಿಸಿದೆ.

ಬಿಚ್ಚಿದಾಗ ಕಂಡದ್ದನ್ನು ವಿವರಿಸಲು ನನ್ನ ಸೇವಾವಧಿಯ ಭಾಷೆ ಸಾಲದು. ಕೆಂಪು ಕಾರ್ಪೆಟ್ಟಾಗಲಿ ಹೊಟ್ಟಾಗಲಿ ಹಿಂದಿನ ಅರ್ಧ ದೋಣಿಯಲ್ಲಿ ಕಾಣುತ್ತಿರಲಿಲ್ಲ. ಬಿಳಿ, ಬೂದಿ, ಕೆನೆ ಬಣ್ಣದ ಛತ್ರಿಗಳು ಒಂದರ ಮೇಲೊಂದು ಏರಿ, ಪಾಟಿಯ ಸಂದಿಯಿಂದ ಇಣುಕಿ, ಅಂಚಿನ ಮೇಲೆ ಕೈ ಊರಿ ಹೊರಗೆ ನೋಡುತ್ತಿದ್ದವು. ಎರಡು ಮೂರು ಅಣಬೆ ದೋಣಿಯನ್ನು ಬಿಟ್ಟು ಚಪ್ಪರದ ಕಂಬಕ್ಕೂ ಹತ್ತಲು ಹೊರಟಿದ್ದವು. ನಮ್ಮ ಹೊಲದಲ್ಲಿ ಯಾವ ಬೆಳೆಯೂ ಯಾವ ಕಾಲಕ್ಕೂ ಹೀಗೆ ಬಂದದ್ದಿಲ್ಲ.

ಸುದ್ದಿ ಕೇಳಿ ಹಿಂದಿನ ಓಣಿಯ ಗಿರಿಜಕ್ಕ ಬಂದಳು. ಮಹಿಳಾ ಸಂಘದಿಂದ ಸವದತ್ತಿಗೆ ಹೋಗಿ ಅಣಬೆ ಬೆಳೆಯುವ ತರಬೇತಿ ಪಡೆದಿದ್ದವಳು ಈಕೆ. ಒಂದು ಕೋಣೆಯನ್ನೇ ಅದಕ್ಕೆ ಬಿಟ್ಟು, ಚೀಲ ತೂಗುಹಾಕಿ, ಎರಡು ಹೊತ್ತು ನೀರು ಸಿಂಪಡಿಸಿ, ಈವರೆಗೆ ಒಂದು ಅಂಗಿಗುಂಡಿಯಷ್ಟು ಅಣಬೆಯನ್ನೂ ಕಂಡಿರಲಿಲ್ಲ. ದೋಣಿಯೊಳಗೆ ಬಗ್ಗಿ ಒಂದು ಅಣಬೆಯನ್ನು ಬೆರಳಿನಿಂದ ತಟ್ಟಿ ನೋಡಿದಳು. ಆಮೇಲೆ ವಿಚಾರಣೆ ಆರಂಭವಾಯಿತು. ಬಿಸಿನೀರು ಹಾಕಿದಿರಾ? ಹಾಕಿದೆ. ಸುಣ್ಣ? ಅದೂ. ಹೊಟ್ಟು? ಕಾಣುತ್ತಿದೆಯಲ್ಲ. ಕಾಳಿನ ಹಿಟ್ಟು? ಕಡಲೆಯದು, ಒಂದು ಡಬ್ಬಿ. ಮುಚ್ಚಿ ಕತ್ತಲು ಮಾಡಿ ಕಾವು ಕೊಟ್ಟಿರಾ? ಕೊಟ್ಟೆ.

"ಸಾಹೇಬ್ರ" ಎಂದಳು, ಕಣ್ಣಲ್ಲಿ ನೀರಿತ್ತು, "ತರಬೇತಿಗೆ ನೀವ್ಯಾವಾಗ ಬಂದಿದ್ರಿ? ಹೆಂಗಸರ ಬ್ಯಾಚಿನಾಗ ನಿಮ್ಮನ್ನ ನಾನು ನೋಡಲಿಲ್ಲಲ್ಲ."

ನಾನು ಅವುಗಳನ್ನು ಕೊಲ್ಲಲು ಪ್ರಯತ್ನಿಸುತ್ತಿದ್ದೆ ಎಂದು ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ನಾವು ಸಾಕಿದವು ಸಾಯುತ್ತವೆ, ನೀವು ಕೊಂದವು ಹುಟ್ಟುತ್ತವೆ, ಇದು ನೌಕರಿ ಮಾಡಿದವರ ಗುಟ್ಟು, ಬಡವರಿಗೆ ಹೇಳುವುದಿಲ್ಲ ಎಂದು ಹೊರಟುಹೋದಳು. ಹೋಗುವಾಗ ಇವು ತಿನ್ನುವ ಜಾತಿಯಲ್ಲ ಎಂಬ ಸಮಾಧಾನವನ್ನು ತನಗೆ ತಾನೇ ಹೇಳಿಕೊಂಡಳು.

ಹುಣ್ಣಿಮೆಗೆ ಎರಡೇ ದಿನ ಉಳಿದಿತ್ತು. ಇನ್ನು ಸಾಮ ದಾನಗಳ ಮಾತಿಲ್ಲ ಎಂದು ನಾನು ಬೆನ್ನಿಗೆ ಪಂಪು ಏರಿಸಿಕೊಂಡೆ, ಹತ್ತಿಗೆ ಹೊಡೆಯುವ ಎಣ್ಣೆ ತುಂಬಿದೆ, ಮುಖಕ್ಕೆ ಟಾವೆಲ್ ಸುತ್ತಿದೆ. ಕಸ್ತೂರಿ ಅಡ್ಡ ಬಂದಳು. ಆ ವಿಷ ಹೊಡೆದ ದೋಣಿಯಲ್ಲಿ ಅತ್ತೆಯವರನ್ನೂ ಚರಗದ ಬುಟ್ಟಿಯನ್ನೂ ಇಡುತ್ತೀರಾ ಎಂಬುದು ಆಕೆಯ ವಾದ. ಬೇರೆ ದಾರಿ ತೋರಿಸು ಎಂಬುದು ನನ್ನ ವಾದ. ವಾದದ ಸದ್ದಿಗೆ ಅವ್ವ ಕೋಲು ಊರಿಕೊಂಡು ಹಿತ್ತಲಿಗೆ ಬಂದಳು. ದೋಣಿಯ ಅಂಚು ಹಿಡಿದು ಬಗ್ಗಿ ನೋಡಿದಳು. ಯಾವಾಗಿನಿಂದ ಮುಚ್ಚಿಟ್ಟಿದ್ದೆ ಎಂದು ಕೇಳಿದಳು. ಮುಂಗಾರು ಹಿಡಿದಾಗಿನಿಂದ ಎಂದೆ. ಅವ್ವ ಬೆರಳು ಮಡಚಿ ತಿಂಗಳು ಎಣಿಸಿದಳು. ಎಣಿಸಿ ಕಸ್ತೂರಿಯ ಮುಖ ನೋಡಿದಳು.

"ತಮ್ಮಾ, ಇಕಿ ಬಸರಿ ಅದಾಳ."

ನಾನು ಗಾಬರಿಯಾಗಿ ಕಸ್ತೂರಿಯ ಕಡೆ ತಿರುಗಿದೆ. ಈ ವಯಸ್ಸಿನಲ್ಲಿ! ಕಸ್ತೂರಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಅವ್ವನ ಕೋಲು ದೋಣಿಯನ್ನು ತೋರಿಸುತ್ತಿತ್ತು.

"ಭೂಮಿತಾಯಿ ಬಸರಿ, ಹೊಲದಾಗ ತೆನಿ ಬಸರಿ, ಇಕಿನೂ ಬಸರಿ. ಹುಣ್ಣಿಮಿ ಮಾರಿಮುಂದ ಇಂಥಾಕಿ ಮ್ಯಾಲೆ ಎಣ್ಣಿ ಹೊಡಿಯಾಕ ನಿಂತೀಯಲ್ಲೋ. ಇಳಸು ಅದನ್ನ."

"ಅವ್ವಾ, ಇದು ಫೈಬರ್."

"ಫೈಬರ್ ಆದರ ಹೆಣ್ಣಲ್ಲೇನು?"

ಮುಖದ ಟಾವೆಲ್ ಬಿಚ್ಚಿದೆ. ಪಂಪು ಇಳಿಸಿದೆ. ಬೇಲಿಯಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ದ್ಯಾಮಣ್ಣ, ಮದುವೆಯ ಕೆಂಪು ಹಾಸು ಹಾಸಿ ಕತ್ತಲಲ್ಲಿ ಇಟ್ಟ ಮೇಲೆ ಇನ್ನೇನಾಗಬೇಕಿತ್ತು ಸಾಹೇಬರೇ ಎಂದು ತನ್ನ ಅಭಿಪ್ರಾಯ ಸಲ್ಲಿಸಿದ.

ಅಂದು ಸಂಜೆ ನಮ್ಮ ಹಿತ್ತಲಲ್ಲಿ ದೋಣಿಗೆ ಉಡಿ ತುಂಬಲಾಯಿತು. ಓಣಿಯ ಹೆಂಗಸರು ಎಲ್ಲರೂ ಬಂದರು. ಗಿರಿಜಕ್ಕ ಸಿಟ್ಟು ಬಿಟ್ಟು, ಕೈಗುಣವಿದ್ದ ಮನೆಯ ಅಕ್ಕಿಕಾಳನ್ನಾದರೂ ತನ್ನ ಕೋಣೆಗೆ ಒಯ್ಯುತ್ತೇನೆಂದು ಮುಂದೆಯೇ ನಿಂತಳು. ಹಸಿರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು ಎಲ್ಲ ಬಂದವು. ಬಳೆ ತೊಡಿಸಬೇಕಲ್ಲ, ಕೈ ಎಲ್ಲಿ? ಹುಟ್ಟು ಸಿಗಿಸುವ ಎರಡು ಗೂಟಗಳಿಗೆ ತೊಡಿಸಿದರು. ಅಷ್ಟರಲ್ಲಿ ಒಂದು ಗಂಭೀರ ಪ್ರಶ್ನೆ ಎದ್ದಿತು: ಈಕೆ ಈ ಮನೆಯ ಮಗಳೋ ಸೊಸೆಯೋ? ಮಗಳಾದರೆ ಹಾಡು ಬೇರೆ, ಸೊಸೆಯಾದರೆ ಬೇರೆ. ಅವ್ವ ವಿಚಾರ ಮಾಡಿ, ಬೇರೆ ಮನೆಯಲ್ಲಿ ಹುಟ್ಟಿ ಇಲ್ಲಿಗೆ ಬಂದವಳು, ಸೊಸೆಯೇ ಎಂದು ತೀರ್ಪು ಕೊಟ್ಟಳು. ಆರತಿ ತಾಟು ಹಿಡಿದಿದ್ದ ಕಸ್ತೂರಿ ನನ್ನ ಕಡೆ ವಾಲಿ, ಮೆಲ್ಲಗೆ, "ಅಂದ್ರ ನನಗ ಸವತಿ ತಂದೀರಿ" ಎಂದಳು. ಹೆಂಗಸರು ಹಾಡಿದರು. ನಾನು ಕಂಬ ಹಿಡಿದು ನಿಂತಿದ್ದೆ. ಇಂಥ ಸಮಾರಂಭದಲ್ಲಿ ಗಂಡಸರಿಗೆ ಕೆಲಸವಿರುವುದಿಲ್ಲ, ಅಪರಾಧಿಗೆ ಅಂತೂ ಇರುವುದೇ ಇಲ್ಲ.

ಇರಲಿ ಎಂದುಕೊಂಡೆ. ಉಡಿ ತುಂಬಿದರೆ ತುಂಬಲಿ. ಮುಂದಿನ ಪಾಟಿಯ ಕಡೆ ಅಣಬೆ ಇರಲಿಲ್ಲ. ಅಲ್ಲಿ ಅವ್ವ ಕುಳಿತರಾಯಿತು. ಹಿಂದೆ ಅಣಬೆ, ಮುಂದೆ ಅವ್ವ, ನಡುವೆ ನಾನು. ದೋಣಿಯ ತೂಕವೂ ಸರಿಹೋಗುತ್ತದೆ. ಹುಣ್ಣಿಮೆಯ ಮುಂಜಾನೆ ಬಿಳಿ ಧೋತರ ಉಟ್ಟು, ಹುಟ್ಟುಗಳನ್ನು ಹೆಗಲಿಗೇರಿಸಿ ಹೊರಟೆ.

"ಎಲ್ಲಿಗಿ?" ಎಂದಳು ಅವ್ವ.

"ದೋಣಿ ನೀರಿಗಿ ಇಳಸಾಕ."

"ಬಸರಿ ಹೊಳಿ ದಾಟಬಾರದು."

ನಾನು ಹುಟ್ಟುಗಳನ್ನು ಕೆಳಗಿಟ್ಟೆ. ನಿಧಾನವಾಗಿ, ಅರ್ಜಿದಾರನಿಗೆ ತಿಳಿಸಿ ಹೇಳುವ ಧ್ವನಿಯಲ್ಲಿ, "ಅವ್ವಾ, ದೋಣಿ ಇರೂದಽ ಹೊಳಿ ದಾಟಾಕ" ಎಂದೆ.

"ಹೆಂಗಸರೂ ಹೊಳಿ ದಾಟತಾರ. ಬಸರಿದ್ದಾಗ ದಾಟೂದಿಲ್ಲ."

ನಾನು ಸೇವೆಯಲ್ಲಿದ್ದಾಗ ಎಷ್ಟೋ ಆದೇಶಗಳನ್ನು ಓದಿದ್ದೇನೆ. ಎಲ್ಲದರಲ್ಲೂ ನುಸುಳಲು ಒಂದು ಸಂದಿಯಾದರೂ ಇರುತ್ತಿತ್ತು. ಇದರಲ್ಲಿ ಇರಲಿಲ್ಲ. ಬುಟ್ಟಿಯಲ್ಲಿ ಕಡಬು ಆರುತ್ತಿದ್ದವು. ಬಿಸಿಲು ಏರುತ್ತಿತ್ತು. ಅವ್ವ ಇಲಕಲ್ ಸೀರೆ ಉಟ್ಟು, ಹಣೆತುಂಬ ವಿಭೂತಿ ಹಚ್ಚಿಕೊಂಡು ಸಿದ್ಧಳಾಗಿ ಕುಳಿತಿದ್ದಳು. ಈ ಸಲವೂ ಮಾಳಿಗೆಗೆ ಖುರ್ಚಿ ಹಾಕುವುದು ಎಂದರೆ ನನ್ನ ಕೈ ಏಳುತ್ತಿರಲಿಲ್ಲ. ಅಷ್ಟರಲ್ಲಿ ಕಸ್ತೂರಿ ಒಳಗಿಂದಲೇ ಒಂದು ಸಲಹೆ ಕೊಟ್ಟಳು: ಬಸುರಿ ಹೊಳೆ ದಾಟಬಾರದು ಸರಿ, ಗಾಡಿಯಲ್ಲಿ ಹೋಗಬಾರದು ಎಂದು ಎಲ್ಲಿದೆ? ದೋಣಿಯನ್ನು ಟ್ರೇಲರ್ ಮೇಲೆ ಏರಿಸಿ, ಅತ್ತೆಯವರು ಅದರಲ್ಲೇ ಕೂಡಲಿ. ಅವ್ವನ ಮುಖ ಅರಳಿತು. ಬಸುರಿಯ ಜೊತೆಗೆ ಹಿರಿಯರು ಒಬ್ಬರು ಇರಲೇಬೇಕು ಎಂದಳು.

ಓಣಿಯ ಗಂಡಸರು ಸೇರಿ ದೋಣಿಯನ್ನು ಟ್ರೇಲರ್ ಮೇಲೆ ಏರಿಸಿದರು. ಆಮೇಲೆ ಅವ್ವನನ್ನು ಖುರ್ಚಿಸಮೇತ ಎತ್ತಿ ದೋಣಿಯೊಳಗೆ ಇಳಿಸಿದರು. ಖುರ್ಚಿ ಬದಿಗಿಟ್ಟು, ಮುಂದಿನ ಪಾಟಿಯ ಬಳಿ ಹೊಟ್ಟಿನ ಮೇಲೆ ಕೌದಿ ಹಾಸಿ ಕೂಡಿಸಿದರು. ಅವ್ವ ಎರಡೂ ಕಡೆ ಅಂಚು ಹಿಡಿದು, ಘಲ್ ಘಲ್ ಎನ್ನುವ ಹಸಿರು ಬಳೆಗಳ ನಡುವೆ, ಪಟ್ಟಕ್ಕೆ ಕುಳಿತಂತೆ ಕುಳಿತಳು. ಕಸ್ತೂರಿ ಬುಟ್ಟಿಯೊಂದಿಗೆ ಪಕ್ಕದಲ್ಲಿ. ನಾನು ಟ್ರ್ಯಾಕ್ಟರ್ ಏರಿದೆ.

ದಾರಿಯಲ್ಲಿ ಜನ ನಗಬಹುದೆಂದು ನಾನು ಮಾನಸಿಕವಾಗಿ ಸಿದ್ಧನಾಗಿದ್ದೆ. ಯಾರೂ ನಗಲಿಲ್ಲ. ಅದೇ ಅನಾಹುತವಾಯಿತು. ಮುಂದಿನ ಊರಿನ ಚಹಾದ ಅಂಗಡಿಯ ಮುಂದೆ ಕುಳಿತಿದ್ದವರು ದೋಣಿ ನೋಡಿದರು, ದೋಣಿಯಲ್ಲಿ ನನ್ನ ಅವ್ವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿ ಎದ್ದು ನಿಂತರು. ಒಬ್ಬ ಓಡಿ ಬಂದು ಟ್ರ್ಯಾಕ್ಟರಿನ ಜೊತೆಗೇ ನಡೆಯುತ್ತ, ತಗ್ಗಿದ ಧ್ವನಿಯಲ್ಲಿ ಕೇಳಿದ.

"ಸಾಹೇಬ್ರ, ಡ್ಯಾಮಿನ ಗೇಟ್ ಎಷ್ಟಕ್ಕ ಮುಚ್ಚತಾರ್ರಿ?"

"ಯಾವ ಗೇಟು?"

"ನಮ್ಮ ಮುಂದ ಮುಚ್ಚಿಡಬ್ಯಾಡ್ರಿ. ಹಿನ್ನೀರು ಏರೂ ಸುದ್ದಿ ನಿಮಗ ಮೊದಲ ಬರತೈತಿ. ಹಡದಾಕಿನ್ನ ದೋಣಿಯೊಳಗ ಕುಂಡ್ರಿಸಿಕೊಂಡು ಹೊಂಟೀರಿ ಅಂದ್ರ ಸುಮ್ಮನ ಹೊಂಟೀರೇನು?"

ನಾನು ಇದು ನೀರಿಗಲ್ಲ, ಚರಗಕ್ಕೆ ಎಂದೆ. ಅವನು ಅರ್ಥವಾಯಿತೆಂಬಂತೆ ಕಣ್ಣು ಮುಚ್ಚಿ ತೆರೆದು ಹಿಂದಕ್ಕೆ ಓಡಿದ. ನಾವು ತಿರುವು ದಾಟುವಷ್ಟರಲ್ಲಿ ಆ ಊರಿನವರು ಹೊಳೆದಂಡೆಯ ಮೋಟರುಗಳನ್ನು ಬಿಚ್ಚಲು ಹೊರಟಿದ್ದರು. ಆಡುಗಳನ್ನು ದಿಬ್ಬಕ್ಕೆ ಹೊಡೆದರು. ಎದುರಿಗೆ ಬಂದ ಬಸ್ಸಿನಲ್ಲಿ ಯಾರೋ ಕೈಮುಗಿದರು. ಕಸ್ತೂರಿ ಒಂದೊಂದು ಊರು ಬಂದಾಗಲೂ ದೋಣಿಯಲ್ಲಿ ಎದ್ದು ನಿಂತು, ಏನೂ ಆಗಿಲ್ಲ, ಅಣಬೆ ಎದ್ದಿದೆ ಅಷ್ಟೇ ಎಂದು ಸಾರಿದಳು. ಅದರಿಂದ ಗಾಬರಿ ಕಡಿಮೆಯಾಗಲಿಲ್ಲ. ಬೇರೆ ದಿಕ್ಕಿಗೆ ಹೋಯಿತು. ನನ್ನ ಇಡೀ ಸೇವಾವಧಿಯಲ್ಲಿ ನಾನು ಹೇಳಿದ ಮಾತನ್ನು ಇಷ್ಟು ಜನ ಇಷ್ಟು ಬೇಗ ಪಾಲಿಸಿದ್ದಿಲ್ಲ, ಅದೂ ನಾನು ಹೇಳದೆ ಇದ್ದ ಮಾತನ್ನು.

ಎರೆಮಣ್ಣಿನ ದಾರಿಯಲ್ಲಿ ಟ್ರೇಲರ್ ಆ ಕಡೆ ಈ ಕಡೆ ಹೊಯ್ದಾಡಿತು. ನಾನು ಹೆದರಿ ಹಿಂದೆ ನೋಡಿದರೆ ಅವ್ವ ಹೊಟ್ಟಿನ ಮೇಲೆ ಮೆತ್ತಗೆ ಏಳುತ್ತ ಇಳಿಯುತ್ತ, ಯಾರ ಹೊಲದ ಗೋವಿನಜೋಳ ಹೇಗಿದೆ, ಯಾರು ಬದು ಒತ್ತಿದ್ದಾರೆ ಎಂದು ಕಸ್ತೂರಿಗೆ ವರದಿ ಕೊಡುತ್ತಿದ್ದಳು.

ಹೊಲ ಬಂತು. ಪಕ್ಕದ ಹೊಲದವರನ್ನು ಕರೆದು, ಖುರ್ಚಿಯಲ್ಲಿ ಕೂಡಿಸಿ ಅವ್ವನನ್ನು ಇಳಿಸಿದೆವು. ಬನ್ನಿಗಿಡದ ಕೆಳಗೆ ಐದು ಕಲ್ಲು ತೊಳೆದಿಟ್ಟು, ಸುಣ್ಣ ಹಚ್ಚಿ, ಅವ್ವ ಪೂಜೆ ಮಾಡಿದಳು. ಆಮೇಲೆ ಕೋಲನ್ನು ಕಸ್ತೂರಿಯ ಕೈಗೆ ಕೊಟ್ಟು, ಆಕೆಯ ಭುಜದ ಮೇಲೆ ಒಂದು ಕೈ ಊರಿ, ಇನ್ನೊಂದು ಕೈಯಿಂದ ಚರಗ ಚೆಲ್ಲುತ್ತ ಬೆಳೆಯ ಅಂಚಿನಲ್ಲಿ ನಡೆದಳು. ಚರಗದ ರೂಢಿಯ ಕೂಗಿನಂತೆ "ಹುಲ್ಲುಲ್ಲಿಗ್ಯೋ" ಎಂದು ಅವ್ವ, "ಸಲಾಂಬ್ರಿಗ್ಯೋ" ಎಂದು ಹಿಂದೆ ನೀರು ಚಿಮುಕಿಸುತ್ತ ನಾನು. ಹೋದ ವರ್ಷ ನಾವು ಬಿಟ್ಟಿದ್ದ ಕೆಸರಿನ ಮೂಲೆಗೆ ಅವ್ವ ಮೊದಲು ಹೋದಳು. ಅಲ್ಲಿ ಎರಡು ಹಿಡಿ ಹೆಚ್ಚಿಗೆ ಚೆಲ್ಲಿದಳು. ಬಹಳ ಹೊತ್ತು ಅಲ್ಲಿಯೇ ನಿಂತು ತೆನೆಯೊಂದನ್ನು ಸಿಪ್ಪೆ ಸರಿಸಿ ನೋಡಿದಳು, ಮತ್ತೆ ಮುಚ್ಚಿದಳು. ನಾನು ಆ ಹೊತ್ತಿಗೆ ದೋಣಿಯನ್ನೂ ಅಣಬೆಯನ್ನೂ ಮರೆತಿದ್ದೆ.

ಊಟವಾಯಿತು. ಅವ್ವ ಎಲೆಯಡಿಕೆ ಹಾಕಿಕೊಂಡು, ಕಳೆ ತೆಗೆಯುವ ಒಂದು ಕುರ್ಚಿಗಿ ತರಿಸಿ, ಟ್ರೇಲರಿನ ಕಡೆ ನಡೆದಳು. ಬಯಕೆ ತೀರಿತು, ಇನ್ನು ಹೆರಿಗೆ ಮಾಡಿಸಬೇಕು ಎಂದಳು. ಕಸ್ತೂರಿ ಸಹಾಯಕ್ಕೆ ನಿಂತಳು. ಇಬ್ಬರೂ ಸೇರಿ, ಒಂದು ಮೂಲೆ ಕೆದರಿ ಹಿಡಿದು ಎಳೆದರು. ನಾನು ಅಷ್ಟು ಶ್ರದ್ಧೆಯಿಂದ ಅಂಟಿಸಿದ್ದ ಕಾರ್ಪೆಟ್ಟು ಹಣ್ಣಿನ ಸಿಪ್ಪೆಯಂತೆ ಎದ್ದು ಬಂತು. ಅಣಬೆ, ಹೊಟ್ಟು, ಕಡಲೆಹಿಟ್ಟು, ಸುಣ್ಣ, ಕೊಳೆತ ಪ್ಲೈವುಡ್ಡು ಎಲ್ಲ ಒಂದೇ ಸುರುಳಿಯಾಗಿ ಹೊಲಕ್ಕೆ ಬಿತ್ತು. ಒಳ್ಳೆಯ ಗೊಬ್ಬರ ಎಂದಳು ಅವ್ವ. ನಾನು ಹಲವು ದಿನ ಹೆಣಗಿದ ಕೆಲಸ ಎಲೆಯಡಿಕೆಯ ರಸ ಇಳಿಯುವಷ್ಟರಲ್ಲಿ ಮುಗಿದಿತ್ತು.

ದೋಣಿ ಬರಿದಾಯಿತು, ಹಗುರಾಯಿತು, ಥಳಥಳ ಹೊಳೆಯಿತು. ಹೊಲದ ಕೆಳಗೇ ಹಿನ್ನೀರು ತೆರೆ ಇಲ್ಲದೆ ಮಲಗಿತ್ತು. ಆಚೆ ನಮ್ಮ ಮಾಳಿಗೆ ಕಾಣುತ್ತಿತ್ತು. ನನಗೆ ಹುರುಪು ಬಂತು. ಪಕ್ಕದ ಹೊಲದವರ ಬಳಿ ಎರಡು ಹುಟ್ಟು ಕೇಳಿ ತರುತ್ತೇನೆ, ಹೋಗುವಾಗಲಾದರೂ ನೀರಿನ ಮೇಲೆ ಹೋಗೋಣ, ಈಗ ಬಸುರಿಯೂ ಅಲ್ಲವಲ್ಲ ಎಂದೆ.

"ಬಾಣಂತಿ" ಎಂದಳು ಅವ್ವ. "ತಣ್ಣೀರು ಮುಟ್ಟಬಾರದು."

ನಾನು ಬಾಯಿ ತೆರೆದೆ. ಕಸ್ತೂರಿ ನನ್ನ ತೋಳು ಹಿಡಿದು ಬನ್ನಿಗಿಡದ ಮರೆಗೆ ಎಳೆದುಕೊಂಡು ಹೋದಳು.

"ಸಾಕು ಮಾಡ್ರಿ ಇನ್ನ. ಅತ್ತಿಯವ್ರಿಗೆ ನೀರಂದ್ರ ಎದಿ ಝಲ್ ಅಂತೈತಿ."

"ಯಾವಾಗಿಂದ?"

"ಹುಟ್ಟಿದಾಗಿಂದ. ನಾ ಮದಿವ್ಯಾಗಿ ಬಂದಾಗಿಂದ ಅವರು ಒಂದ್ಸಲ ಆದರೂ ದಂಡಿಗಿ ಇಳದದ್ದು ನೋಡೀರೇನು? ಊರಿಗೇ ಗೊತ್ತೈತಿ."

"ನನಗ ಯಾಕ ಯಾರೂ ಹೇಳಲಿಲ್ಲ?"

"ದೋಣಿ ತರೂಮುಂದ ನೀವು ಯಾರಿನ್ನ ಕೇಳಿದ್ರಿ? ಮಗ ಇಷ್ಟ ಖುಷೀಲೆ ತಂದಾನ, ಬ್ಯಾಡಂದ್ರ ಮಾರಿ ಸಣ್ಣದು ಮಾಡ್ತಾನ ಅಂತ ಅವರು ಸುಮ್ಮನಿದ್ರು. ಅಣಬಿ ಎದ್ದ ದಿನ ದೇವರ ಮುಂದ ತುಪ್ಪದ ದೀಪ ಹಚ್ಚ್ಯಾರ." ಸ್ವಲ್ಪ ತಡೆದು, ಮುಖ್ಯವಾದದ್ದನ್ನು ಹೇಳಿದಳು. "ಟ್ರೇಲರಿನಾಗ ನಾಕು ಬುಟ್ಟಿ ಹೊಟ್ಟು ಹಾಕಿ ಮ್ಯಾಲೆ ಕೌದಿ ಹಾಸಿದ್ರ, ಇಷ್ಟ ವರ್ಷ ಅವರು ಕುಂತು ಬರತಿದ್ರು. ಅದಕ ದೋಣಿ ಯಾಕ ಬೇಕಿತ್ತು?"

ಗಾಳಿಗೆ ಗೋವಿನಜೋಳ ಸರಸರ ಎಂದಿತು. ಅದೂ ಈ ವಿಷಯ ಮೊದಲೇ ಗೊತ್ತಿದ್ದಂತೆ ಎಂದಿತು.

ನಾನು ಪಕ್ಕದ ಹೊಲದವರಿಂದ ಹೊಸ ಹೊಟ್ಟು ತಂದು ದೋಣಿಯಲ್ಲಿ ಹಾಸಿದೆ, ಮೇಲೆ ಕೌದಿ ಹಾಸಿದೆ, ಅವರನ್ನೇ ಕರೆದು ಅವ್ವನನ್ನು ಎತ್ತಿ ಕೂಡಿಸಿದೆ. ನೀರನ್ನು ಎಡಕ್ಕೆ ಬಿಟ್ಟು, ಮುನವಳ್ಳಿಯ ಕಡೆ ಮುಖ ಮಾಡಿ ಟ್ರ್ಯಾಕ್ಟರ್ ಹೊಡೆದೆ. ಇಡೀ ಮಲಪ್ರಭೆಯ ದಂಡೆಯಲ್ಲಿ ಒಣಭೂಮಿಯ ಮೇಲೆ ದೋಣಿ ನಡೆಸುವ ನಾವಿಕ ನಾನೊಬ್ಬನೇ ಎಂಬ ಹೆಮ್ಮೆಯಿಂದ ಸ್ವಲ್ಪ ಜೋರಾಗಿಯೇ ಹೊಡೆದೆನೆಂದು ಕಾಣುತ್ತದೆ. ಹಿಂದಿನಿಂದ ಅವ್ವ ಕೋಲಿನಿಂದ ದೋಣಿಯ ಅಂಚಿಗೆ ಬಡಿದಳು.

"ತಮ್ಮಾ, ಮುಂದ ತಗ್ಗೈತಿ. ಸಾವಕಾಶ ಹೊಡಿ. ಬಾಣಂತಿ ಅದಾಳ."

ಸಾವಕಾಶ ಹೊಡೆದೆ.